ಯಾರ ಮೂಗಿನಿಂದ ಬಂತು

ಮೂಗಿನ ಹೊಳ್ಳೆಯಿಂದ ಕಿವಿಯವರೆಗೆ ಎಷ್ಟು ದೂರವಿದೆಯೋ, ಹತ್ತಿರ ಹತ್ತಿರ ಅದರ ಅರ್ಧದಷ್ಟು ಕಡ್ಡಿ ಒಳಗೆ ಹೋಗಬೇಕು. ಮೇಲ್ಮುಖವಾಗಿ ಚುಚ್ಚಬಾರದು, ನೇರ ಹಿಂದಕ್ಕೆ ತಳ್ಳಬೇಕು. ಎಲ್ಲೋ ಮೆತ್ತಗೆ ತಡೆದ ಹಾಗೆ ಆದ ಕೂಡಲೇ ನಿಲ್ಲಿಸಿ, ಐದರವರೆಗೆ ಎಣಿಸಿ, ಮೆಲ್ಲಗೆ ತಿರುಗಿಸಿ ಹೊರಗೆ ತೆಗೆಯಬೇಕು. ಆ ಆರು ತಿಂಗಳು ಈ ಕೆಲಸವನ್ನು ಎಷ್ಟು ಮಾಡಿದೆನೆಂದರೆ, ಬಸ್ಸಿನಲ್ಲಿ ಎದುರಿಗೆ ಯಾರಾದರೂ ಕೂತರೆ ನನ್ನ ಕಣ್ಣು ಅವರ ಮುಖ ನೋಡುತ್ತಿರಲಿಲ್ಲ, ಮೂಗಿನಿಂದ ಕಿವಿಗೆ ಅಳತೆ ಹಾಕುತ್ತಿತ್ತು.

ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ಕಾಯಿಲೆ ಬಿದ್ದವರಲ್ಲಿ ಮಾತ್ರ ಇರುವುದಿಲ್ಲ. ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವವರ ಮೂಗಿನ ಹಿಂಭಾಗದಲ್ಲೂ ಯಾರಿಗೂ ತೊಂದರೆ ಕೊಡದೆ ಕೆಲವು ವಾರ ಬಿಡಾರ ಹೂಡಿ, ಹೇಳದೆ ಕೇಳದೆ ಹೊರಟುಹೋಗುತ್ತದೆ. ಯಾವ ವಯಸ್ಸಿನವರಲ್ಲಿ ಹೆಚ್ಚು? ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ, ಹೊಗೆ ಒಲೆ ಇದ್ದರೆ, ಒಂದೇ ಕೋಣೆಯಲ್ಲಿ ಐದಾರು ಜನ ಮಲಗಿದರೆ ಏನಾಗುತ್ತದೆ? ಇದನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಮನೆ ಮನೆಗೆ ಹೋಗಿ ತಿಳಿಯುವ ಅಧ್ಯಯನ ನಮ್ಮದು. ನಾನು ಆಸ್ಪತ್ರೆಯೊಂದರ ಲ್ಯಾಬ್ ಟೆಕ್ನಿಷಿಯನ್, ಚಿತ್ರದುರ್ಗದ ಕಡೆಯವಳು. ಇಲ್ಲಿಯ ಕನ್ನಡ ನನಗೆ ಅರ್ಥವಾಗುವುದಿಲ್ಲವೆಂದು ಜೊತೆಗೆ ಒಬ್ಬ ಸಹಾಯಕಿಯನ್ನು ಕೊಟ್ಟಿದ್ದರು. ಹಿಂದೆ ಅಂಗನವಾಡಿಯಲ್ಲಿ ಕೆಲಸ ಮಾಡಿದ, ನನಗಿಂತ ಹತ್ತು ವರ್ಷ ದೊಡ್ಡವಳಾದ ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ.

ಮೊದಲ ವಾರವೇ ನಮಗೆ ಊರೂರಲ್ಲಿ ಹೆಸರು ಬಿತ್ತು. ಜೀಪು ನಿಂತ ಕೂಡಲೇ ಯಾರಾದರೂ ಕೂಗುತ್ತಿದ್ದರು.

"ಹ್ವಾಯ್, ಬಾಗ್ಲ್ ಹಾಕಿ! ಕಡ್ಡಿಯೋರ್ ಬಂದ್ರ್!"

ಕೋವಿಡ್ ಕಾಲದ ಕಡ್ಡಿಯನ್ನು ಯಾರೂ ಮರೆತಿರಲಿಲ್ಲ. ಬಸ್ರೂರಿನಲ್ಲಿ ಅಂಗಡಿಯವರೊಬ್ಬರು ಮೂಗನ್ನು ಅಂಗೈಯಿಂದ ಮುಚ್ಚಿಕೊಂಡೇ ಮಾತಾಡಿದರು. "ನಂಗೆ ಎರಡ್ ಸಲ ಹಾಕಿರ್ ಮೇಡಂ. ಒಂದ್ ಕಡ್ಡಿ ಇನ್ನೂ ಒಳ್ಗೇ ಇತ್ತೇನೊ ಅಂದ್ ಆತ್ತ್." ಇದು ಬೇರೆ ಕಡ್ಡಿ, ಇನ್ನೂ ತೆಳು, ಯಾರನ್ನೂ ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ ಎಂದು ಹೇಳಿದೆ. ಅವರು ಎಲ್ಲವನ್ನೂ ಕೇಳಿ, ಹೆಂಡತಿಯ ಮೂಗನ್ನು ತೋರಿಸಿ ಒಳಗೆ ಹೋದರು.

ಬ್ರಹ್ಮಾವರದಲ್ಲಿ ಹೊಸ ಮನೆಗಳ ಸಾಲು. ಊರೂರಲ್ಲಿ ಹೋಟೆಲು ನಡೆಸಿ ಈಗ ವಿಶ್ರಾಂತಿಯಲ್ಲಿರುವ ಹಿರಿಯರೊಬ್ಬರು ನಮ್ಮನ್ನು ಕೂರಿಸಿ ಕಾಫಿ ಕೊಟ್ಟು, ಬಹಳ ಗೌರವದಿಂದ ನಿರಾಕರಿಸಿದರು. "ನಮ್ಮನಿಯಗೆ ಯಾರ ಮೂಗಗೂ ಎಂತದೂ ಇಪ್ಪುಕೆ ಸಾಧ್ಯ ಇಲ್ಲೆ. ನಾವ್ ಕುಡಿವ್ದ್ ಫಿಲ್ಟರ್ ನೀರ್." ನೀರಿಗೂ ಮೂಗಿಗೂ ಸಂಬಂಧವಿಲ್ಲ ಎಂದೆ. ಅವರು ನೊಂದುಕೊಂಡು, ಫಿಲ್ಟರ್ ಯಾವ ಕಂಪನಿಯದೆಂದು ಅಡುಗೆಮನೆಗೆ ಕರೆದುಕೊಂಡು ಹೋಗಿ ತೋರಿಸಿದರು.

ಒಪ್ಪಿದ ಮನೆಗಳಲ್ಲಿ ಪ್ರಶ್ನಾವಳಿ ಕೈಕೊಟ್ಟಿತು. "ಅಡುಗೆಗೆ ಯಾವ ಇಂಧನ?" ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, ಗ್ಯಾಸ್. ನಾನು ಹದಿನೈದು ದಿನ ಗ್ಯಾಸ್ ಎಂದೇ ಗುರುತು ಹಾಕಿದೆ. ಕೆಲವು ಮನೆಗಳಲ್ಲಿ ನನ್ನ ತಲೆಯ ಮೇಲಿನ ಹೆಂಚು ಮಸಿಯಿಂದ ಕಪ್ಪಗೆ ಮಿರುಗುತ್ತಿದ್ದರೂ ಗ್ಯಾಸ್ ಎಂದೇ ಬರೆದೆ. ಕೊನೆಗೆ ಅಕ್ಕ ನನ್ನ ಕೈಯಿಂದ ಫಾರಂ ಕಸಿದುಕೊಂಡಳು.

"ಹಾಂಗೆ ಕೇಂಡ್ರೆ ಯಾರ್ ಹೇಳ್ತ್ರ್ ಮೇಡಂ? ನಾನ್ ಕೇಂತೆ ಕಾಣಿ." ಮನೆಯಾಕೆಯ ಕಡೆ ತಿರುಗಿ ಕೇಳಿದಳು, "ಮೀನ್ ಸಾರ್ ಯಾವ ಒಲಿ ಮೇಲ್ ಮಾಡ್ತ್ರಿ?"

"ಗ್ಯಾಸಿನ್ ಮೇಲ್ ಮಾಡ್ರೆ ಅದ್ ಮೀನ್ ಸಾರಾ? ಕಟ್ಗಿ ಒಲಿಯೇ ಸೈ."

"ಅನ್ನ?"

"ಅದೂ ಅದ್ರ್ ಮೇಲೇ."

"ಮೀವ ನೀರ್?"

"ಮತ್ತೆಂತ ಗ್ಯಾಸಗೆ ಕಾಸುಕಾತ್ತಾ? ಗ್ಯಾಸ್ ಇಪ್ದ್ ನೆಂಟ್ರ್ ಬಂದ್ರೆ ಚಾ ಮಾಡುಕೆ."

ಹದಿನೈದು ದಿನದ ಫಾರಂಗಳನ್ನು ಹಿಡಿದುಕೊಂಡು ಮತ್ತೆ ಅದೇ ಮನೆಗಳಿಗೆ ಹೋದೆವು, ಮೀನು ಸಾರಿನ ಬಗ್ಗೆ ವಿಚಾರಿಸಲು. ಮೂಗಿನ ಪರೀಕ್ಷೆಗೆ ಬಂದವರು ಅಡುಗೆ ಕಲಿಯುತ್ತಿದ್ದಾರೆಂದು ಸುದ್ದಿಯಾಯಿತು.

ಮಕ್ಕಳದ್ದು ಬೇರೆ ಬಗೆಯ ಕಷ್ಟ. ಮೂಗು ಸಿಕ್ಕುತ್ತದೆ, ಮಗು ನಿಲ್ಲುವುದಿಲ್ಲ. ಮಾದರಿ ಹಾಕುವ ಪುಟ್ಟ ಟ್ಯೂಬಿನಲ್ಲಿ ಬ್ಯಾಕ್ಟೀರಿಯಾ ಸಾಯದಂತೆ ಕೆನೆ ತೆಗೆದ ಹಾಲು, ಸಕ್ಕರೆ, ಗ್ಲಿಸರಿನ್ ಬೆರೆಸಿದ ದ್ರವ ಇರುತ್ತದೆ. ಅದು ಹಾಲೆಂದು ಗೊತ್ತಾದ ಮೇಲೆ ಅಂಗನವಾಡಿಯ ಹುಡುಗಿಯೊಬ್ಬಳು, ನಾನು ಕಡ್ಡಿಯನ್ನು ಹಾಲಿಗೆ ಅದ್ದಿ ವಾಪಸು ಕೊಡುತ್ತೇನೆಂದು ತಿಳಿದು ಬಾಯಿ ತೆರೆದುಕೊಂಡು ಕಾದಳು. ಕೊಡದಾಗ ನನ್ನ ಹೆಬ್ಬೆರಳು ಕಚ್ಚಿದಳು. ಆದರೂ ಅಂಗನವಾಡಿಗಳಿಂದ ಮಕ್ಕಳ ಲೆಕ್ಕ ಬೇಗ ತುಂಬಿತು. ಖಾಲಿ ಉಳಿದದ್ದು ಅರವತ್ತು ದಾಟಿದವರ ಸಾಲು.

ವಿಭಾಗದ ಮುಖ್ಯಸ್ಥರು ಫೋನಿನಲ್ಲಿ ಸಿಟ್ಟಾಗುವುದಿಲ್ಲ, ನಿಧಾನವಾಗುತ್ತಾರೆ. "ಮಕ್ಕಳು ಸಾಕು. ವಯಸ್ಸಾದವರಿಲ್ಲದೆ... ಈ ಅಧ್ಯಯನಕ್ಕೆ... ಅರ್ಥವಿಲ್ಲ." ಪ್ರತಿ ಪದದ ನಡುವೆ ಒಂದು ಲಾರಿ ಹೋಗುವಷ್ಟು ಜಾಗವಿತ್ತು. ಮಳೆಗಾಲಕ್ಕೆ ಮುಂಚೆ ಮಾದರಿ ಸಂಗ್ರಹ ಮುಗಿಯಬೇಕಿತ್ತು. ಮಳೆ ಶುರುವಾದರೆ ಊರಿಗೆಲ್ಲ ಶೀತ, ಲೆಕ್ಕ ತಲೆಕೆಳಗು.

ಬೈಂದೂರಿನ ಕಡಲ ತೀರದ ಕೇರಿಯಲ್ಲಿ ಅಜ್ಜಿಯರು ಬೇಕಾದಷ್ಟಿದ್ದರು. ಮೊದಲ ಮನೆಯ ಜಗುಲಿಯಲ್ಲಿ ಮೀನು ಮಾರುವ ಅಮ್ಮ ಒಬ್ಬರು ಕೂತಿದ್ದರು. ಎತ್ತರದ ಆಳು, ಹಣೆ ತುಂಬ ಕುಂಕುಮ. ನನ್ನ ವಿವರಣೆಯನ್ನೆಲ್ಲ ಕೇಳಿ ಒಂದೇ ಮಾತು ಹೇಳಿದರು.

"ನನ್ನ ಮೂಗಗೆ ಮೂಗ್‌ಬಟ್ಟ್ ಒಂದ್ ಹೋಯ್ತ್, ಸಾಕ್. ಇನ್ನೆಂತದೂ ಹೋಪ್ದ್ ಬ್ಯಾಡ."

ಅಷ್ಟೇ. ಆ ಕೇರಿಯ ಎಲ್ಲ ಅಜ್ಜಿಯರೂ ಅದೇ ಮಾತನ್ನು ಹೇಳಿ ನಮ್ಮನ್ನು ಕಳಿಸಿದರು. ಆ ಅಮ್ಮ ಬೇಡವೆಂದದ್ದು ಅಲ್ಲಿ ಯಾರಿಗೂ ಬೇಡ ಎಂದು ಅಕ್ಕ ವಿವರಿಸಿದಳು.

ಮುಂದಿನ ವಾರ ಅದೇ ಊರಿನ ಇನ್ನೊಂದು ಮಗ್ಗುಲಲ್ಲಿ ಬೆಳಿಗ್ಗೆ ಹನ್ನೊಂದು ಮಾದರಿ ತೆಗೆದೆವು. ಮಾದರಿಗಳು ತಂಪಾಗಿಯೇ ಲ್ಯಾಬ್ ತಲುಪಬೇಕು, ಅದೂ ಎಂಟು ಗಂಟೆಯೊಳಗೆ. ಐಸ್ ಪೆಟ್ಟಿಗೆ ಎತ್ತಿದರೆ ಒಳಗೆ ಗುಳುಗುಳು ಸದ್ದು. ಹಿಂದಿನ ದಿನ ಕರೆಂಟು ಹೋಗಿ, ಐಸ್ ಪ್ಯಾಕುಗಳು ಅರ್ಧಂಬರ್ಧ ಹೆಪ್ಪುಗಟ್ಟಿದ್ದವು. ಈಗ ಪೂರ್ತಿ ನೀರು. ಥರ್ಮಾಮೀಟರಿನ ಅಂಕಿ ಕಣ್ಣೆದುರೇ ಏರುತ್ತಿತ್ತು. ಹನ್ನೊಂದರಲ್ಲಿ ನಾಲ್ಕು ಅರವತ್ತು ದಾಟಿದವರದು. ನಾನು ಆ ನಾಲ್ಕು ಮೂಗಿಗಾಗಿ ಮೂರು ದಿನ ಅಲೆದಿದ್ದೆ.

"ಐಸ್ ಬೇಕಾರೆ ಮೀನಿನಲ್ಲಿಗೆ ಹೋಯ್ಕ್," ಎಂದು ಅಕ್ಕ ಪೆಟ್ಟಿಗೆ ಹೊತ್ತು ನಡೆದೇಬಿಟ್ಟಳು.

ಮೀನು ಮಾರುವ ಕಟ್ಟೆಯಲ್ಲಿ ಮೊದಲ ಪೆಟ್ಟಿಗೆಯ ಹಿಂದೆ ಕೂತಿದ್ದವರು ಅದೇ ಮೂಗುಬಟ್ಟಿನ ಅಮ್ಮ. ನಮ್ಮ ನೀಲಿ ಪೆಟ್ಟಿಗೆ ನೋಡಿ ಅವರ ಕಣ್ಣು ಕಿರಿದಾಯಿತು.

"ಎಂತದೇ ಹೆಣ್ಣೆ, ನೀನೂ ಮೀನ್ ಮಾರುಕೆ ಬಂದ್ಯಾ?"

"ಮೀನಲ್ಲ ಅಮ್ಮ, ಮೂಗಿನ ಮಾದರಿ. ಐಸ್ ಬೇಕಿತ್ತು, ಹಾಳಾಗ್ತಿದೆ."

"ಇಸ್ಸಿ!" ಎಂದರು. ಆದರೂ ಹಾಳಾಗುತ್ತಿದೆ ಎಂಬ ಮಾತು ಅವರಿಗೆ ನಾಟಿತು. ನಲವತ್ತು ವರ್ಷ ಮಧ್ಯಾಹ್ನದೊಳಗೆ ಹಾಳಾಗುವ ಸರಕನ್ನೇ ಮಾರಿದವರು. ಬಂಗುಡೆ ಮೀನಿನ ಅಡಿಯಿಂದ ಎರಡು ಕೈ ತುಂಬ ಐಸ್ ಬಾಚಿದರು, ಆಮೇಲೆ ಕೈ ತಡೆದರು.

"ಐಸ್ ಕೊಡ್ತೆ. ನಂಗೊಂದ್ ವಿಷ್ಯ ಬೇಕ್."

ವಿಷಯ ಇದು. ನಾಲ್ಕು ತಿಂಗಳ ಹಿಂದೆ ಅವರ ಎರಡು ವರ್ಷದ ಮೊಮ್ಮಗ ನ್ಯುಮೋನಿಯಾ ಆಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ. ಆಮ್ಲಜನಕದ ಮುಖವಾಡ ಹಾಕಿದ ಮಗುವನ್ನು ಅವರು ಗಾಜಿನ ಆಚೆಯಿಂದ ನೋಡಿದ್ದರು. ಆ ಕಾಯಿಲೆ ಬ್ರಹ್ಮಾವರದಿಂದ ಬಂತೆಂಬುದು ಅವರ ತೀರ್ಮಾನ. ಸೊಸೆಯ ತವರು ಅದು. ಸೊಸೆ ಮಗುವನ್ನು ಸ್ಕೂಟರಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿ ಬಂದ ವಾರವೇ ಜ್ವರ ಬಂದಿತ್ತು.

"ಆ ಹುಳ ಯಾರ್ ಮೂಗಿಂದ ಬಂದದ್ದ್ ಅಂದ್ ನಂಗೆ ಗೊತ್ತಾಯ್ಕ್. ಮನಿಯೋರದ್ದೆಲ್ಲ ತೆಗಿ, ನಂದೂ ತೆಗಿ. ಆದ್ರೆ ಹೆಸ್ರ್ ಹೇಳ್ಕ್. ಹೇಳ್ತ್ಯಾ?"

ಹೇಳುವಂತಿಲ್ಲ. ನಮ್ಮ ಒಪ್ಪಿಗೆ ಪತ್ರದ ಎರಡನೇ ಪುಟದಲ್ಲೇ ಬರೆದಿದೆ, ಯಾರ ಫಲಿತಾಂಶವನ್ನೂ ಇನ್ನೊಬ್ಬರಿಗೆ ತಿಳಿಸಲಾಗುವುದಿಲ್ಲ. ಅವರ ಅಂಗೈಯಿಂದ ಐಸ್ ನೀರು ತೊಟ್ಟಿಕ್ಕುತ್ತಿತ್ತು. ಥರ್ಮಾಮೀಟರು ಇನ್ನೊಂದು ಅಂಕಿ ಏರಿತು. ನಾನು ಹೊಸದಾಗಿ ಕಲಿತ ಕುಂದಾಪುರದ ಒಂದು ಮಾತನ್ನು ಹೇಳಿದೆ.

"ಕಾಂಬ."

ನನ್ನ ಮಟ್ಟಿಗೆ ಅದು 'ನೋಡೋಣ', ಎಂದರೆ ಜಾರಿಕೊಳ್ಳುವ ಮಾತು. ಅವರು ಅದನ್ನು ಮಾತು ಕೊಟ್ಟ ಹಾಗೆ ತೆಗೆದುಕೊಂಡರು. "ಅಡ್ಡಿಲ್ಲೆ," ಎಂದು ಐಸನ್ನು ಪೆಟ್ಟಿಗೆಗೆ ಸುರಿದರು.

ಟ್ಯೂಬುಗಳ ಮುಚ್ಚಳ ಭದ್ರವಾಗಿತ್ತು, ಮೇಲೆ ಎರಡು ಪ್ಲಾಸ್ಟಿಕ್ ಚೀಲ. ಮಾದರಿಗೆ ಏನೂ ಆಗಲಿಲ್ಲ. ಆದರೆ ಸಂಜೆ ನಾನು ಪೆಟ್ಟಿಗೆ ಹಿಡಿದು ಆಸ್ಪತ್ರೆಯ ಆವರಣಕ್ಕೆ ಬಂದಾಗ ಎರಡು ಬೆಕ್ಕುಗಳು ಲಿಫ್ಟಿನವರೆಗೆ ಹಿಂಬಾಲಿಸಿದವು. ಮುಖ್ಯಸ್ಥರು ಲ್ಯಾಬಿನ ಬಾಗಿಲಲ್ಲೇ ನಿಂತು ಮೂಸಿದರು. "ಇದು... ಏನು?"

"ಬಂಗುಡೆ ಸರ್."

ಅವರು ಮುಂದೆ ಕೇಳಲಿಲ್ಲ. ನಾನೂ ಕೊಟ್ಟ ಮಾತಿನ ವಿಷಯ ಹೇಳಲಿಲ್ಲ.

ಎರಡು ದಿನ ಬಿಟ್ಟು ಅಮ್ಮನ ಮನೆಗೆ ಹೋದೆವು. ಮಗ ದೋಣಿಯಿಂದ ಬಂದು ಅರ್ಧ ನಿದ್ದೆಯಲ್ಲಿದ್ದ. ಸೊಸೆ, ಐದು ವರ್ಷದ ಮೊಮ್ಮಗಳು, ಎರಡು ವರ್ಷದ ಆ ಹುಡುಗ. ಒಪ್ಪಿಗೆ ಪತ್ರ ಓದುವಾಗ ಎರಡನೇ ಪುಟದ ಆ ಸಾಲು ಬಂದ ಕಡೆ ನನ್ನ ದನಿ ತಗ್ಗಿತು, ವೇಗ ಹೆಚ್ಚಿತು. ಅಕ್ಕ ನನ್ನನ್ನು ಒಮ್ಮೆ ನೋಡಿ ಬೇರೆ ಕಡೆ ತಿರುಗಿದಳು.

ಅಮ್ಮ ಪಡಿತರ ಚೀಟಿಯ ಜೊತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಮಗುವಿನ ಲಸಿಕೆ ಕಾರ್ಡು ತಂದುಕೊಟ್ಟರು. ಒಂದೂ ತಪ್ಪಿರಲಿಲ್ಲ. "ಇಷ್ಟೆಲ್ಲ ಚುಚ್ಚಿಸಿರೂ ಎಂತಕ್ ಬಂತ್?" ಎಂದು ಕೇಳಿದರು. ಈ ಬ್ಯಾಕ್ಟೀರಿಯಾದಲ್ಲಿ ಬಹಳ ಜಾತಿಗಳಿವೆ, ಲಸಿಕೆ ಕೆಲವನ್ನು ತಡೆಯುತ್ತದೆ, ಎಲ್ಲವನ್ನೂ ಅಲ್ಲ, ಹಾಕಿಸದಿದ್ದರೆ ಇನ್ನೂ ಕಷ್ಟವಾಗುತ್ತಿತ್ತು ಎಂದೆ. ಅವರು ತಲೆಯಾಡಿಸಿದರು, ಕಣ್ಣು ಸೊಸೆಯ ಮೇಲೇ ಇತ್ತು.

ಅವರ ಸರದಿಯಲ್ಲಿ ರೆಪ್ಪೆ ಕೂಡ ಅಲುಗಲಿಲ್ಲ. ಮುಗಿದ ಮೇಲೆ ಮೂರು ಸಲ ಜಗುಲಿ ನಡುಗುವಂತೆ ಸೀನಿ, "ಇಷ್ಟಕ್ಕಾ ಊರೆಲ್ಲ ಹೆದ್ರುದ್?" ಎಂದರು. ಸೊಸೆಯ ಸರದಿಯಲ್ಲಿ ಅವಳ ಕಣ್ಣಲ್ಲಿ ನೀರು ಬಂತು. ಅದು ಎಲ್ಲರಿಗೂ ಬರುತ್ತದೆ, ಕಡ್ಡಿ ಮುಟ್ಟುವ ಜಾಗ ಹಾಗಿದೆ. ಅಮ್ಮ ಮಾತ್ರ ಆ ಕಣ್ಣೀರನ್ನು ಸಾಕ್ಷಿಯ ಹಾಗೆ ನೋಡಿದರು.

ಆಮೇಲೆ ಅವರು ಬೇಲಿಯ ಹತ್ತಿರ ನಿಂತು ಕೂಗಿದರು. ಹತ್ತು ನಿಮಿಷದಲ್ಲಿ ಕೇರಿಯ ಅಜ್ಜಿಯರೆಲ್ಲ ಜಗುಲಿಯ ಮೇಲೆ. ಆಧಾರ್ ಕಾರ್ಡಿನ ಪ್ರಕಾರ ಎಲ್ಲರೂ ಜನವರಿ ಒಂದರಂದು ಹುಟ್ಟಿದವರು. ನಿಜವಾದ ವಯಸ್ಸು ಕೇಳಿದೆ.

"ನಾನ್ ಹುಟ್ಟಿ ಮೂರ್ ದಿನಕ್ಕೆ ದೊಡ್ ನೆರೆ ಬಂದಿತ್ತಂಬ್ರ್," ಎಂದರು ಒಬ್ಬರು.

"ಅದ್ ನಾನ್ ಹುಟ್ಟದಾಗ್ಳಿನ ನೆರೆ. ನಿಂಗೆ ನೆರೆಯೇ ಇಲ್ಲೆ," ಎಂದರು ಇನ್ನೊಬ್ಬರು.

ಒಂದು ನೆರೆಗೆ ಇಬ್ಬರು ಹಕ್ಕುದಾರರು. ಜಗಳ ಮುಗಿಯುವಷ್ಟರಲ್ಲಿ ನಾನು ಇಬ್ಬರ ಮಾದರಿಯನ್ನೂ ತೆಗೆದಾಗಿತ್ತು. ಖಾಲಿಯಿದ್ದ ಸಾಲು ಮೂರು ದಿನದಲ್ಲಿ ತುಂಬಿತು. ಮುಖ್ಯಸ್ಥರು ಫೋನಿನಲ್ಲಿ ಎರಡು ಪದವನ್ನು ಒಟ್ಟಿಗೆ ಹೇಳಿದರು, "ತುಂಬಾ ಸಂತೋಷ."

ಲ್ಯಾಬಿನಲ್ಲಿ ಮಾದರಿಯನ್ನು ಕುರಿಯ ರಕ್ತ ಬೆರೆಸಿದ ತಟ್ಟೆಯ ಮೇಲೆ ಎಳೆದು, ಬೆಚ್ಚಗಿಟ್ಟು ಮರುದಿನ ನೋಡಬೇಕು. ನಾವು ಹುಡುಕುವ ಬ್ಯಾಕ್ಟೀರಿಯಾ ಇದ್ದರೆ ಸಾಸಿವೆಗಿಂತ ಸಣ್ಣ ಚುಕ್ಕೆಗಳ ಸುತ್ತ ಹಸಿರು ಬಳೆ ಕಾಣುತ್ತದೆ. ಅದೇ ಹಸಿರು ಬಳೆಯ ನೆಂಟರು ಬೇರೆಯವೂ ಇರುವುದರಿಂದ ಒಂದು ಔಷಧಿಯ ಬಿಲ್ಲೆ ಇಟ್ಟು ಮತ್ತೊಂದು ದಿನ ಕಾಯಬೇಕು. ಬಿಲ್ಲೆಯ ಸುತ್ತ ಬೆಳೆಯದೆ ದೂರ ನಿಂತರೆ ಅದೇ. ತಟ್ಟೆಯ ಮೇಲೆ ಬರೀ ಕೋಡ್ ಸಂಖ್ಯೆ ಇರುತ್ತದೆ. ಯಾವ ಕೋಡ್ ಯಾರದೆಂಬ ಪಟ್ಟಿ ಇದ್ದದ್ದು ನನ್ನ ಕಪಾಟಿನಲ್ಲಿ.

ಪಟ್ಟಿ ತೆರೆಯಬೇಕಿರಲಿಲ್ಲ. ತೆರೆದೆ. ಆ ಮನೆಯಲ್ಲಿ ಮಗನ ಮೂಗು ಖಾಲಿ, ಎರಡು ವರ್ಷದ ಹುಡುಗನದೂ ಖಾಲಿ. ಅಂಗನವಾಡಿಗೆ ಹೋಗುವ ಮೊಮ್ಮಗಳ ತಟ್ಟೆ ಹಸಿರು. ಸೊಸೆಯದು ಖಾಲಿ. ಅಮ್ಮನದು ಹಸಿರು. ನಾನು ಒಬ್ಬಳೇ ಕೂತು ನಕ್ಕೆ. ನಗು ಬಹಳ ಹೊತ್ತು ಉಳಿಯಲಿಲ್ಲ.

ಅಮ್ಮ ದಿನಾ ಫೋನ್ ಮಾಡತೊಡಗಿದರು. "ಬಂತಾ?" ಎನ್ನುವುದು, ನಾನು "ಇನ್ನೂ ಇಲ್ಲ" ಎನ್ನುವುದು. ಐದನೇ ದಿನ ಬೇರೆ ನಂಬರಿನಿಂದ ಕರೆ ಬಂತು. ಸೊಸೆ. ಬಚ್ಚಲಿನಲ್ಲಿ ನಿಂತು ಮಾತಾಡುತ್ತಿದ್ದಳೆಂದು ಕಾಣುತ್ತದೆ, ಹಿಂದೆ ನಲ್ಲಿ ಬಿಟ್ಟ ಸದ್ದು.

"ಮೇಡಂ, ನಂದೇ ಬಂದಿದ್ರೆ ನಂಗೊಬ್ಳಿಗೆ ಹೇಳಿ. ಅತ್ತೆಗೆ ಹೇಳ್ಬೇಡಿ."

"ಯಾಕೆ, ಏನಾಯ್ತು?"

"ಎಂತ ಇಲ್ಲೆ. ನಾನ್ ಮೂಗಿಗೆ ಬಟ್ಟಿ ಕಟ್ಕಂಡೇ ಇರ್ತೆ. ಮಗೂನ ಎತ್ತುದ್ ಬಿಟ್ಟಿದ್ದೆ. ಅವ ಕೈ ಚಾಚ್ಕಂಡ್ ಬತ್ತ, ನಾನ್ ಆಚಿಗ್ ಹೋತೆ. ನನ್ನಿಂದ ಮತ್ತೆ ಬಂದ್ರೆ?"

ನಲ್ಲಿ ನಿಂತಿತು, ಕರೆಯೂ ಕಡಿಯಿತು.

ಆ ಮಧ್ಯಾಹ್ನ ಮುಖ್ಯಸ್ಥರ ಎದುರು ನಿಂತು ಐಸ್‌ನಿಂದ ಹಿಡಿದು ಪಟ್ಟಿ ತೆರೆದದ್ದರವರೆಗೆ ಎಲ್ಲ ಹೇಳಿದೆ. ಅವರು ಈ ಸಲ ನಿಧಾನವಾಗಲಿಲ್ಲ. ಪಟ್ಟಿಯ ಕಪಾಟಿನ ಬೀಗದ ಕೈಯನ್ನು ನನ್ನಿಂದ ಇಸಕೊಂಡರು. ಆಮೇಲೆ ಹೇಳಿದರು, "ಹೆಸರು ಹೇಳುವ ಹಾಗಿಲ್ಲ. ಸೊಸೆಯದು ಇಲ್ಲ ಎಂದೂ ಹೇಳುವ ಹಾಗಿಲ್ಲ. ಆಗ ಉಳಿದವರನ್ನು ಹುಡುಕುತ್ತಾರೆ. ಆದರೆ ಇವತ್ತಿನ ತಟ್ಟೆ ನಾಲ್ಕು ತಿಂಗಳ ಹಿಂದಿನ ವಿಷಯ ಹೇಳುವುದಿಲ್ಲ. ಅದನ್ನು ಹೇಳಬಹುದು. ಹೋಗಿ ಹೇಳಿ. ನೀವೇ."

ಮರುದಿನ ಬೆಳಿಗ್ಗೆ ಅಕ್ಕನ ಜೊತೆ ಆ ಜಗುಲಿ ಹತ್ತಿದೆ. ಸೊಸೆ ಬಾಗಿಲ ಬಳಿ, ಮುಖಕ್ಕೆ ಬಟ್ಟೆ. ಮಗು ಒಳಗೆ ನೆಲದ ಮೇಲೆ ಒಂದು ಸ್ಟೀಲ್ ಲೋಟವನ್ನು ಬಡಿಯುತ್ತಿತ್ತು. ಅಮ್ಮ ನನಗೆ ಮಣೆ ಹಾಕಿ, ತೀರ್ಪು ಕೇಳುವವರ ಹಾಗೆ ಎದುರು ಕೂತರು.

"ಅಮ್ಮ, ಯಾರದ್ದು ಅಂತ ನಾನು ಹೇಳಲ್ಲ. ಹೇಳೋ ಹಾಗಿಲ್ಲ. ಅದನ್ನ ಅವತ್ತೇ ಹೇಳಬೇಕಿತ್ತು. ಐಸ್ ಬೇಕಿತ್ತು, ನಿಮ್ಮ ವಯಸ್ಸಿನವರು ಬೇಕಿತ್ತು, ಅದಕ್ಕೆ ಕಾಂಬ ಅಂದುಬಿಟ್ಟೆ. ತಪ್ಪು ನನ್ನದು."

ಅವರ ಮುಖ ಕೆಂಪಾಯಿತು. "ಕಾಂಬ ಅಂದ್ರೆ ಕಾಂಬ್ದೇ. ಕಾಣ್ದೆ ಇಪ್ಪುದಲ್ಲ. ಹಾಂಗಾರೆ ನನ್ನ ಐಸ್ ವಾಪಸ್ ಕೊಡ್."

ಅಕ್ಕ ಕೆಮ್ಮಿದಳು. ನಾನು ನಗಲಿಲ್ಲ, ಧೈರ್ಯವಿರಲಿಲ್ಲ. ಹೇಳಬೇಕಾದ್ದನ್ನು ಹೇಳಿದೆ. ಇದು ಮೂಗಿಗೆ ಬಂದು ಹೋಗುವಂಥದ್ದು. ಇವತ್ತು ಇದ್ದವರಲ್ಲಿ ನಾಲ್ಕು ತಿಂಗಳ ಹಿಂದೆ ಇತ್ತೆಂದಲ್ಲ, ಆಗ ಇದ್ದವರಲ್ಲಿ ಇವತ್ತು ಇರಬೇಕೆಂದೂ ಇಲ್ಲ. ಹೆಚ್ಚು ಇರುವುದು ಸಣ್ಣ ಮಕ್ಕಳಲ್ಲಿ. ಅವರು ಜೊತೆಯ ಮಕ್ಕಳಿಂದ ತರುತ್ತಾರೆ, ಮನೆಯ ದೊಡ್ಡವರಿಗೂ ಕೊಡುತ್ತಾರೆ. ಕೆಮ್ಮಿದರೆ, ಮುದ್ದು ಮಾಡಿದರೆ, ಪಕ್ಕದಲ್ಲೇ ಒತ್ತಿಕೊಂಡು ಮಲಗಿದರೆ ದಾಟುತ್ತದೆ. ಬಂದವರಿಗೆಲ್ಲ ಕಾಯಿಲೆಯಾಗುವುದಿಲ್ಲ. ಯಾರೂ ಬೇಕೆಂದು ತರುವುದಿಲ್ಲ. ಬ್ರಹ್ಮಾವರದಲ್ಲೂ ಅದೇ, ಬೈಂದೂರಿನಲ್ಲೂ ಅದೇ.

"ಬಪ್ದ್, ಹೋಪ್ದ್?" ಎಂದರು ಅಮ್ಮ.

"ಹೌದು."

"ಒತ್ತಿಗ್ ಮನಿಕಂಡ್ರೆ ದಾಟುದಾ?"

"ದಾಟಬಹುದು."

ಅವರು ಒಳಗಿದ್ದ ಮಗುವಿನ ಕಡೆ ನೋಡಿದರು. "ಸಣ್ಣವ ಮನಿಕಂಬ್ದ್ ನನ್ನೊಟ್ಟಿಗೆ. ಹುಟ್ಟದಾಗಿಂದ್ಲೂ." ಮತ್ತೆ ನನ್ನ ಕಡೆ ತಿರುಗಿದರು. "ಹಾಂಗಾರೆ ನನ್ನ ಮೂಗಗೂ ಇಪ್ಪುಕ್ ಸಾಕಾ?"

"ಯಾರ ಮೂಗಲ್ಲಾದ್ರೂ ಇರಬಹುದು ಅಮ್ಮ," ಎಂದೆ. ಮಾತು ಸರಿಯಾಗಿಯೇ ಬಂತು. ಕಣ್ಣು ಮಾತ್ರ ಅವರ ಮುಖದ ಮೇಲೆ ನಿಲ್ಲದೆ ನನ್ನ ಚಪ್ಪಲಿಯ ಕಡೆ ಹೋಯಿತು. ನಲವತ್ತು ವರ್ಷ ಗಿರಾಕಿಗಳ ಮುಖ ನೋಡಿಯೇ ವ್ಯಾಪಾರ ಮಾಡಿದವರೆದುರು ನಾನು ಹಾಗೆ ಮಾಡಬಾರದಿತ್ತು. ಆಮೇಲೆ ಮುಖ್ಯಸ್ಥರಿಗೆ ಕೊಟ್ಟ ವರದಿಯಲ್ಲಿ ಯಾರ ಹೆಸರನ್ನೂ ಹೇಳಿಲ್ಲ ಎಂದು ಬರೆದೆ. ಅದು ನಿಜ, ಪೂರ್ತಿ ನಿಜವಲ್ಲ.

ಅಮ್ಮ ನನ್ನನ್ನು ನೋಡಿದರು, ಇನ್ನೂ ಸ್ವಲ್ಪ ನೋಡಿದರು. ಮೂಗುಬಟ್ಟನ್ನು ಒಮ್ಮೆ ತಿರುಗಿಸಿಕೊಂಡರು. ಆಮೇಲೆ ಬಾಗಿಲ ಕಡೆ ತಿರುಗಿ, ಮೀನು ಕಟ್ಟೆಯಲ್ಲಿ ಕೂಗುವ ದನಿಯಲ್ಲಿ ಸೊಸೆಯನ್ನು ಗದರಿದರು.

"ಎಂತ ಕಾಂತಾ ನಿಂತಿದ್ದೆ? ಆ ಬಟ್ಟಿ ತೆಗಿ, ಕಾಂಬುಕಾತಿಲ್ಲೆ. ಮಗು ಅಲ್ಲಿ ಲೋಟ ಬಡಿತಿತ್ತ್. ಎತ್ಕ."

ಸೊಸೆ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಬಟ್ಟೆ ಬಿಚ್ಚಿ, ಒಳಗೆ ಹೋಗಿ ಹುಡುಗನನ್ನು ಎತ್ತಿಕೊಂಡು ಬಂದಳು. ಅವನು ಲೋಟ ಬಿಡಲಿಲ್ಲ. ತಾಯಿಯ ಮುಖವನ್ನು ಹತ್ತಿರದಿಂದ ಪರೀಕ್ಷಿಸಿ ನೋಡಿ, ತನ್ನ ಸೋರುವ ಮೂಗನ್ನು ಅವಳ ಕೆನ್ನೆಗೆ ಈ ಕಡೆಯಿಂದ ಆ ಕಡೆಗೆ ಚೆನ್ನಾಗಿ ಒರೆಸಿದ. ಅವಳು ಕೆನ್ನೆ ಒರೆಸಿಕೊಳ್ಳಲಿಲ್ಲ.